ಜರ್ಮನ್ ಕಲಿಯಲು ಇಂಗ್ಲಿಷ್ ಯಾಕೆ ಬೇಕು?

ಬಿಇ ಮುಗಿಸಿ ಜರ್ಮನಿಗೆ ಹೋಗಿ ಎಂ.ಎಸ್. ಓದಬೇಕೆಂಬುದು ನನ್ನಾಸೆ. ಅಲ್ಲಿನ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಅಡಿಕೆ ನಂಬಿದ ಮನೆಗೆ ಅದು ದೊಡ್ಡ ವಿಷಯ. ಹಾಗಾಗಿ ಜರ್ಮನ್ ಭಾಷೆಯ ತರಗತಿಗೆ ಸೇರಿಕೊಂಡೆ.

ಒಂದು ದಿನ ‘ನನಗೆ ಚಳಿಯಾಗುತ್ತಿದೆ’ ಎಂದು ಜರ್ಮನ್‌ನಲ್ಲಿ ಹೇಳಬೇಕಿತ್ತು. ‘ಐ ಆ್ಯಮ್ ಕೋಲ್ಡ್’ ತಲೆಯಲ್ಲಿತ್ತು, ‘ಇಷ್ ಬಿನ್ ಕಾಲ್ಟ್’ ಅಂದೆ. ತರಗತಿಯೇ ನಕ್ಕಿತು. ಸರಿಯಾದದ್ದು ‘ಮಿರ್ ಇಸ್ಟ್ ಕಾಲ್ಟ್’. ಯಾಕೆ ಎಂದು ಕೇಳಿದರೆ ಸಿಕ್ಕಿದ ಉತ್ತರ: ಅದು ಹಾಗೆಯೇ, ಬಾಯಿಪಾಠ ಮಾಡಿ.

ಆಲಂಕಾರಿಗೆ ಬಂದ ಮೇಲೆ ಎಐ ಚಾಟ್‌ಬಾಟನ್ನು ಇಂಗ್ಲಿಷ್‌ನಲ್ಲಿ ಕೇಳಿದೆ. ಅದೂ ಹೆಚ್ಚುಕಮ್ಮಿ ಅದನ್ನೇ ಹೇಳಿತು. ಕೊನೆಗೆ ‘ಕನ್ನಡ ವ್ಯಾಕರಣಕ್ಕೆ ಹೋಲಿಸಿ ಹೇಳು’ ಎಂದು ಟೈಪ್ ಮಾಡಿದೆ. ‘ಮಿರ್’ ಅಂದರೆ ‘ನನಗೆ’, ಚತುರ್ಥಿ ವಿಭಕ್ತಿ ಎಂಬ ಉತ್ತರ ಬಂತು. ಅಷ್ಟೇ! ನಾವೂ ‘ನಾನು ಚಳಿ’ ಅನ್ನುವುದಿಲ್ಲವಲ್ಲ. ಮನೆಯ ತುಳುವಿನಲ್ಲೂ ‘ಎಂಕ್ ಚಳಿ ಆಪುಂಡು’ ಎಂದೇ ಹೇಳುವುದು. ಜರ್ಮನ್‌ನ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ದಾರಿಯಲ್ಲಿ ಬಂದವರಿಗೆ ಅದು ತಲೆನೋವು, ನಮಗೆ ಹುಟ್ಟಿನಿಂದಲೇ ಅಭ್ಯಾಸ.

ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಅದೇ ಹಿಂಜರಿಕೆಯಿಂದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಹೈಸ್ಕೂಲಿನ ವಿಭಕ್ತಿ ಪಟ್ಟಿ ಹೀಗೆ ಕೈಹಿಡಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಜರ್ಮನಿಯವರೇ ಆದ ಕಿಟೆಲ್ 1894ರಲ್ಲಿ ಹೊರತಂದದ್ದೂ ಕನ್ನಡ–ಇಂಗ್ಲಿಷ್ ನಿಘಂಟನ್ನೇ. ಆಗಿನ ಓದುಗರಿಗೆ ಅದು ಬೇಕಿತ್ತು. ಈಗ ಫೋನಿನಲ್ಲೇ ಕನ್ನಡದಿಂದ ನೇರ ಜರ್ಮನ್‌ಗೆ ದಾಟಬಹುದು. ಆದರೂ ಪಾಠ, ನೋಟ್ಸ್ ಎಲ್ಲ ಇಂಗ್ಲಿಷ್ ಮೂಲಕವೇ ಯಾಕೆ? ಪಾಠ ಹೇಳುವವರು ಕನ್ನಡದ ಹೋಲಿಕೆಗೂ ಒಂದಿಷ್ಟು ಜಾಗ ಕೊಡಲಿ, ಅದನ್ನು ಸಿದ್ಧಪಡಿಸಲು ಎಐ ಬಳಸಲಿ.

ಹಾಗೆಂದು ಎಐ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಒಮ್ಮೆ ದ್ವಿತೀಯಾ ವಿಭಕ್ತಿಗೆ ‘ಮನೆಗೆ’ ಎಂಬ ಉದಾಹರಣೆ ಕೊಟ್ಟಿತ್ತು. ‘ಅನ್ನು’ ಪ್ರತ್ಯಯ ನೆನಪಿದ್ದುದರಿಂದ ಬಚಾವಾದೆ. 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿದ್ದು ಖುಷಿಯ ಸಂಗತಿಯೇ. ಆದರೆ ನನ್ನ ಚಾಟ್‌ಬಾಟ್ ಬರೆದ ತುಳುವನ್ನು ಅಮ್ಮನಿಗೆ ಓದಿ ಹೇಳಿದಾಗ ‘ಉಂದು ಓಲ್ತ ತುಳು?’ ಎಂದು ನಕ್ಕರು. ಇನ್ನು ಉಚ್ಚಾರ. ‘ಇಷ್’ ಎಂದು ಇಲ್ಲಿ ಬರೆದಿದ್ದೇನಾದರೂ ಆ ಸದ್ದು ನಮ್ಮ ಲಿಪಿಗೆ ಪೂರ್ತಿ ಸಿಗುವುದಿಲ್ಲ. ಅದನ್ನು ತಿದ್ದಲು ಮೇಡಂ ಎದುರು ಕೂತೇ ಆಗಬೇಕು.

ಮುಂದಿನ ತಿಂಗಳು ಎ1 ಪರೀಕ್ಷೆ. ನನ್ನ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಇತ್ತು: ಜರ್ಮನ್, ಇಂಗ್ಲಿಷ್, ಕನ್ನಡ. ನಡುವಿನದನ್ನು ಈಗ ಖಾಲಿ ಬಿಡುತ್ತಿದ್ದೇನೆ.