ಪ್ಯಾಕೆಟ್ ಕೇಕಿಗೆ ನಾಚಿಕೆ ಯಾಕೆ?

ಮಗನ ಹುಟ್ಟುಹಬ್ಬ. ಹಾಲ್‌ನಲ್ಲಿ ಬಲೂನು, ಹತ್ತು ಹನ್ನೆರಡು ಮಕ್ಕಳ ಗಲಾಟೆ. ಕೇಕ್ ಕತ್ತರಿಸಿ ಆಯ್ತು. ಪಕ್ಕದ ಮನೆಯವರು ಒಂದು ತುಂಡು ಬಾಯಿಗಿಟ್ಟುಕೊಂಡು, 'ತುಂಬಾ ಚೆನ್ನಾಗಿದೆ ರೀ, ನೀವೇ ಮಾಡಿದ್ದಾ?' ಅಂತಾರೆ. 'ಹೂಂ, ಮನೇಲೇ ಮಾಡಿದ್ದು' ಎನ್ನುತ್ತೀರಿ. ಮರುಕ್ಷಣವೇ ನಿಮ್ಮ ಕಣ್ಣು ಅಡುಗೆಮನೆ ಕಡೆ ಓಡುತ್ತದೆ. ಆ ಖಾಲಿ ಪ್ಯಾಕೆಟ್ ಕಟ್ಟೆಯ ಮೇಲೇ ಉಳಿದುಹೋಯ್ತಾ? ಕಸದ ಡಬ್ಬಿಗೆ ಹಾಕಿದೆನಾ? ಮೇಲೆ ಏನಾದರೂ ಮುಚ್ಚಿದೆನಾ?

ನಗಬೇಡಿ. ನಮ್ಮಲ್ಲಿ ಎಷ್ಟೋ ಜನ ಮಾಡುವುದು ಇದನ್ನೇ. ಕೇಕ್ ಮಿಕ್ಸ್ ತಂದದ್ದು ಏನೋ ಕದ್ದ ಹಾಗೆ. ಹಾಗಾದರೆ ಒಂದು ಮಾತು ಕೇಳುತ್ತೇನೆ. ದೀಪಾವಳಿಗೆ ಗುಲಾಬ್ ಜಾಮೂನ್ ಮಿಕ್ಸ್ ಪ್ಯಾಕೆಟ್ ಕತ್ತರಿಸುವಾಗ ಯಾರಾದರೂ ನಾಚಿಕೊಂಡಿದ್ದೀರಾ? ಅತ್ತೆಯವರೇ ಅಂಗಡಿ ಚೀಟಿಯಲ್ಲಿ ಬರೆಸುತ್ತಾರೆ. ಆದರೂ ಆ ಜಾಮೂನು ಮನೆಯದ್ದೇ. ಹಿಟ್ಟು ಎಷ್ಟು ಮೃದುವಾಗಿ ಕಲೆಸಿದ್ದೀರಿ, ಎಣ್ಣೆ ಎಷ್ಟು ಕಾದಿತ್ತು, ಪಾಕಕ್ಕೆ ಏಲಕ್ಕಿ ಬಿತ್ತಾ ಇಲ್ಲವಾ ಎನ್ನುವುದರ ಮೇಲೆ ಒಂದೊಂದು ಮನೆಯ ಜಾಮೂನು ಒಂದೊಂದು ಥರ. ಕೇಕಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ಈ ಅಳುಕು ನಮ್ಮ ಕಾಲದ್ದೂ ಅಲ್ಲ, ನಮ್ಮ ಊರಿನದ್ದೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ಪಿ. ಡಫ್ ಅಂಡ್ ಸನ್ಸ್ ಎಂಬ ಕಂಪನಿ 1930ರ ದಶಕದಲ್ಲೇ ಇಂಥ ಮಿಕ್ಸಿಗೆ ಪೇಟೆಂಟ್ ಪಡೆದಿತ್ತು. ಮೊದಲು ಒಣ ಮೊಟ್ಟೆಯ ಪುಡಿಯೂ ಅದರೊಳಗೇ ಇತ್ತು, ನೀರು ಹಾಕಿದರೆ ಮುಗಿಯಿತು. ಆಮೇಲೆ, 1935ರ ಪೇಟೆಂಟಿನಲ್ಲಿ, ಮೊಟ್ಟೆಯನ್ನು ಗೃಹಿಣಿಯೇ ಒಡೆದು ಹಾಕಲಿ ಎಂದು ಅದನ್ನು ಹೊರಗಿಟ್ಟರು. 'ಹೆಂಗಸರಿಗೆ ಪಾಪಪ್ರಜ್ಞೆ ಆಗುತ್ತಿತ್ತು, 1950ರ ದಶಕದಲ್ಲಿ ಮನಃಶಾಸ್ತ್ರಜ್ಞರೊಬ್ಬರು ಹೇಳಿದ ಮೇಲೆ ಮೊಟ್ಟೆ ತೆಗೆದರು, ಆಮೇಲೆ ಮಾರಾಟ ಏರಿತು' ಎಂಬ ಕಥೆಯನ್ನು ನೀವೂ ಕೇಳಿರಬಹುದು. ಕಥೆ ಚೆನ್ನಾಗಿದೆ, ಆದರೆ ಇಸವಿ ನೋಡಿದರೆ ಮೊಟ್ಟೆ ಅದಕ್ಕೂ ಮೊದಲೇ ಹೊರಬಂದಿತ್ತು. ಪಾಪಪ್ರಜ್ಞೆಯ ಮಾತು ಇರಲಿ ಬಿಡಿ, ಪುಡಿಗಿಂತ ತಾಜಾ ಮೊಟ್ಟೆಯಿಂದ ಕೇಕ್ ಚೆನ್ನಾಗಿ ಆಗುತ್ತದೆ ಎನ್ನುವುದು ಸತ್ಯ. ನಮಗೆ ಬೇಕಾದ ಪಾಠವೂ ಅಷ್ಟೇ: ಪ್ಯಾಕೆಟ್‌ನಲ್ಲಿ ಒಣಗಿಸಿ ತುಂಬಲು ಬಾರದ್ದನ್ನು ನಾವು ತಾಜಾ ಆಗಿ ಹಾಕಬೇಕು.

ಪ್ಯಾಕೆಟ್ ಒಳಗೆ ಇರುವುದಾದರೂ ಏನು? ಹಿಂಬದಿ ಓದಿ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಅಥವಾ ಸೋಡಾ, ಕೆಲವದರಲ್ಲಿ ಹಾಲಿನಪುಡಿ ಅಥವಾ ಕೋಕೋ, ಕೃತಕ ವೆನಿಲಾ, ಜೊತೆಗೆ ಕೇಕು ಮೃದುವಾಗಿ ಉಬ್ಬಿ ನಿಲ್ಲುವುದಕ್ಕೆ ಒಂದಿಷ್ಟು ಎಮಲ್ಸಿಫೈಯರ್. ಅಂದರೆ ನಿಮ್ಮ ಪರವಾಗಿ ಅಳತೆ ಮಾಡಿ, ಜರಡಿ ಹಿಡಿದು, ಸೋಡಾ ಎಷ್ಟು ಎಂದು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಉಬ್ಬುವುದು ಅವರ ಹೊಣೆ, ರುಚಿ ನಿಮ್ಮದು. ಹಾಗಾಗಿ ಸೋಡಾ, ಬೇಕಿಂಗ್ ಪೌಡರ್, ಮೈದಾ, ಸಕ್ಕರೆ ಈ ನಾಲ್ಕನ್ನು ಮೇಲಿಂದ ಸೇರಿಸಲೇಬೇಡಿ. 'ಇನ್ನೂ ಉಬ್ಬಲಿ' ಎಂದು ಅರ್ಧ ಚಮಚ ಸೋಡಾ ಹಾಕಿದರೆ ಕೇಕು ಮೊದಲು ಎದ್ದು, ಆಮೇಲೆ ನಡುವೆ ಕುಸಿದು, ಬಾಯಲ್ಲಿ ಸೋಪಿನ ರುಚಿ ಕೊಡುತ್ತದೆ. ನಾನೂ ಒಮ್ಮೆ ಮಾಡಿ ತಿಂದಿದ್ದೇನೆ, ಆ ಅನುಭವ ನಿಮಗೆ ಬೇಡ.

ಬದಲಾಯಿಸಬೇಕಾದ್ದು ನೀರನ್ನು. ಅರ್ಧ ಕಪ್ ನೀರು ಎಂದು ಬರೆದಿದ್ದರೆ ಅರ್ಧ ಕಪ್ ಹಾಲು ಹಾಕಿ. ಅದೂ ಫ್ರಿಜ್‌ನಿಂದ ಆಗತಾನೆ ತೆಗೆದ ತಣ್ಣನೆಯ ಹಾಲಲ್ಲ, ಒಂದು ಗಂಟೆ ಹೊರಗಿಟ್ಟದ್ದು. ಇನ್ನೂ ಚೆನ್ನಾಗಿ ಬೇಕೆಂದರೆ ಕಾಲು ಕಪ್ ಹಾಲು, ಕಾಲು ಕಪ್ ಮೊಸರು. ಮೊಸರು ತಾಜಾ ಇರಲಿ, ಗಂಟಿಲ್ಲದ ಹಾಗೆ ಕಡೆದಿರಿ. ಮೊಸರಿನ ಹುಳಿ ಮೈದಾವನ್ನು ಮೃದು ಮಾಡುತ್ತದೆ, ಪ್ಯಾಕೆಟ್ ಕೇಕಿನ ಆ ಬರೀ ಸಿಹಿಯನ್ನೂ ತಗ್ಗಿಸುತ್ತದೆ. ಆದರೆ ಹುಳಿ ಬಿದ್ದ ಕೂಡಲೇ ಸೋಡಾ ಕೆಲಸ ಶುರು ಮಾಡಿಬಿಡುತ್ತದೆ. ಇದು ದೋಸೆ ಹಿಟ್ಟಲ್ಲ, ಕಲೆಸಿಟ್ಟು ಹುದುಗು ಬರಲಿ ಎಂದು ಕಾಯುವುದಕ್ಕೆ. ಒಲೆ ಕಾಯಿಸಿಟ್ಟು, ತಟ್ಟೆಗೆ ಬೆಣ್ಣೆ ಸವರಿಟ್ಟು, ಆಮೇಲಷ್ಟೇ ಕಲೆಸಿ. ಫೋನ್ ಬಂದರೆ ಬರಲಿ.

ಕಲೆಸುವುದೂ ಹಾಗೇ. ಚಪಾತಿ ಹಿಟ್ಟಿನ ಮೇಲೆ ತೋರಿಸುವ ಶಕ್ತಿ ಇಲ್ಲಿ ಬೇಡ. ಒಣ ಹಿಟ್ಟು ಕಾಣದಷ್ಟು ಕಲೆಸಿ ನಿಲ್ಲಿಸಿ. ಹೆಚ್ಚು ತಿರುವಿದಷ್ಟೂ ಮೈದಾದಲ್ಲಿ ಅಂಟು ಬೆಳೆದು ಕೇಕು ರಬ್ಬರಿನ ಹಾಗಾಗುತ್ತದೆ. ಸಣ್ಣಪುಟ್ಟ ಗಂಟು ಬೇಯುವಾಗ ಕರಗುತ್ತದೆ.

ಎಣ್ಣೆಗೆ ಬದಲು ಬೆಣ್ಣೆ ಹಾಕಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹಾಕಬಹುದು, ಆದರೆ ಪೂರ್ತಿ ಬೇಡ. ಬೆಣ್ಣೆಯಿಂದ ಘಮ ಬರುತ್ತದೆ, ಎಣ್ಣೆಯಿಂದ ಮೆತ್ತಗೆ ಉಳಿಯುತ್ತದೆ. ಬರೀ ಬೆಣ್ಣೆಯ ಕೇಕನ್ನು ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಗಟ್ಟಿ. ಅರ್ಧ ಎಣ್ಣೆ, ಅರ್ಧ ಕರಗಿಸಿ ಆರಿಸಿದ ಬೆಣ್ಣೆ ಸರಿಯಾದ ಲೆಕ್ಕ. ಎಣ್ಣೆ ಸೂರ್ಯಕಾಂತಿಯಂಥ ವಾಸನೆ ಇಲ್ಲದ್ದು ಇರಲಿ. ಅಂಗಡಿಯ ಉಪ್ಪುಬೆಣ್ಣೆ ಆದರೆ ಬೇರೆ ಉಪ್ಪು ಬೇಡ, ಇಲ್ಲದಿದ್ದರೆ ಒಂದು ಚಿಟಿಕೆ ಉಪ್ಪು ಮರೆಯಬೇಡಿ. ಪಾಯಸಕ್ಕೆ ಹಾಕುವ ಹಾಗೆಯೇ ಇದು. ಬೆಣ್ಣೆ ಇಲ್ಲವೆಂದರೆ ತುಪ್ಪವೂ ಆಗುತ್ತದೆ, ಆದರೆ ಆಗ ವೆನಿಲಾ ಸೋಲುತ್ತದೆ. ಜೊತೆಗೆ ಏಲಕ್ಕಿ ಪುಡಿ, ನಾಲ್ಕು ಎಸಳು ಕೇಸರಿ ಹಾಕಿ ಬೇರೆ ಕೇಕೇ ಮಾಡಿಬಿಡಿ.

ಪ್ಯಾಕೆಟ್ ಕೇಕನ್ನು ಹಿಡಿದುಕೊಡುವುದು ಆ ಕೃತಕ ವೆನಿಲಾದ ವಾಸನೆಯೇ. ಅದರ ಮೇಲೆ ಇನ್ನಷ್ಟು ಎಸೆನ್ಸ್ ಸುರಿದರೆ ಪ್ರಯೋಜನವಿಲ್ಲ, ಪಕ್ಕದಲ್ಲಿ ಇನ್ನೊಂದು ನಿಜವಾದ ಪರಿಮಳ ಕೂರಿಸಬೇಕು. ಕಿತ್ತಳೆ ಅಥವಾ ನಿಂಬೆಯ ಸಿಪ್ಪೆಯನ್ನು ತುರಿಯುವ ಮಣೆಯ ಸಣ್ಣ ಕಣ್ಣಿನಲ್ಲಿ ಮೇಲ್ಮೈಯಷ್ಟೇ ತುರಿದು ಹಾಕಿ. ಬಿಳಿ ಭಾಗ ಬಂದರೆ ಕಹಿ. ಚಾಕೊಲೇಟ್ ಮಿಕ್ಸ್ ಆದರೆ ನಮ್ಮ ಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಇದೆ, ಬೆಳಗ್ಗೆ ಇಳಿಸಿದ ಡಿಕಾಕ್ಷನ್! ಹಾಲಿನ ಅಳತೆಯಲ್ಲಿ ಎರಡು ದೊಡ್ಡ ಚಮಚ ಕಡಿಮೆ ಮಾಡಿ ಅಷ್ಟೇ ಗಟ್ಟಿ ಡಿಕಾಕ್ಷನ್ ಹಾಕಿ ನೋಡಿ. ಕಾಫಿಯ ರುಚಿ ಗೊತ್ತಾಗುವುದಿಲ್ಲ, ಕೋಕೋ ಮಾತ್ರ ಗಾಢವಾಗುತ್ತದೆ. ಕಳಿತ ಬಾಳೆಹಣ್ಣು ಇದ್ದರೆ ಒಂದನ್ನು ಕಿವುಚಿ ಸೇರಿಸಬಹುದು, ಹಾಲು ಸ್ವಲ್ಪ ಕಡಿಮೆ ಮಾಡಿ. ಟೂಟಿ ಫ್ರೂಟಿ, ದ್ರಾಕ್ಷಿ, ಗೋಡಂಬಿ ಚೂರುಗಳನ್ನು ಒಂದು ಚಮಚ ಒಣ ಮಿಕ್ಸಿನಲ್ಲಿ ಹೊರಳಿಸಿ ಹಾಕಿದರೆ ತಳಕ್ಕೆ ಇಳಿಯುವುದು ಕಡಿಮೆ.

ಈಗ ಮೊಟ್ಟೆಯ ವಿಷಯ. ಇಲ್ಲಿ ರುಚಿಗಿಂತ ದೊಡ್ಡದೊಂದು ಇದೆ. ನಮ್ಮ ಅಂಗಡಿಗಳಲ್ಲಿ ಮೊಟ್ಟೆ ಇಲ್ಲದ ಮಿಕ್ಸುಗಳೇ ಬೇಕಾದಷ್ಟು ಸಿಗುತ್ತವೆ, ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಬಹುದು. ಅದಕ್ಕೆ ನೀವು ಒಂದು ಮೊಟ್ಟೆ ಸೇರಿಸಿದರೆ ಕೇಕು ಇನ್ನೂ ಹಗುರ, ಇನ್ನೂ ರುಚಿ, ಹೌದು. ಒಂದು ಮೊಟ್ಟೆಗೆ ಮೂರು ದೊಡ್ಡ ಚಮಚದಷ್ಟು ಹಾಲು ಕಡಿಮೆ ಮಾಡಬೇಕು. ಆದರೆ ಹಾಗೆ ಸೇರಿಸಿದ್ದನ್ನು ಎಲ್ಲರ ಮುಂದೆ, ಕೊಡುವ ಮೊದಲೇ ಹೇಳಿಬಿಡಿ. 'ಸ್ವಲ್ಪ ತಾನೇ, ಅತ್ತೆಗೆ ಗೊತ್ತಾಗಲ್ಲ' ಎಂದು ಬಡಿಸುವವರಿದ್ದಾರೆ. ಮುಖದ ಮೇಲೆ ಹೇಳುತ್ತೇನೆ, ಅದು ತಪ್ಪು. ಮೊಟ್ಟೆ ಮುಟ್ಟದ ಹಿರಿಯರು ನಿಮ್ಮ ಕೈಯ ತುತ್ತನ್ನು ನಂಬಿ ತಿನ್ನುತ್ತಾರೆ. ಇನ್ನು ಹುಟ್ಟುಹಬ್ಬಕ್ಕೆ ಬಂದ ಮಕ್ಕಳಲ್ಲಿ ಯಾರಿಗಾದರೂ ಮೊಟ್ಟೆಯೋ ಕಡಲೆಕಾಯಿಯೋ ಗೋಡಂಬಿಯೋ ಆಗದೇ ಇರಬಹುದು. ಅಲರ್ಜಿ ಎನ್ನುವುದು ಸುಮ್ಮನೆ ಮಾತಲ್ಲ. ಅವರ ತಾಯಂದಿರನ್ನು ಮೊದಲೇ ಕೇಳಿ. ಪ್ಯಾಕೆಟ್ ಎಂಬುದನ್ನು ಬಚ್ಚಿಟ್ಟರೆ ಯಾರಿಗೂ ನಷ್ಟವಿಲ್ಲ. ಒಳಗೇನಿದೆ ಎಂಬುದನ್ನು ಮಾತ್ರ ಬಚ್ಚಿಡಬಾರದು. ಖಾಲಿ ಪ್ಯಾಕೆಟ್ ಕೈಗೆ ಸಿಗುವ ಹಾಗೆ ಇಟ್ಟಿದ್ದರೆ ಓದಿ ಹೇಳುವುದಕ್ಕಾದರೂ ಆಗುತ್ತದೆ, ಅಲ್ವಾ?

ಓವನ್ ಇದ್ದವರು 180 ಡಿಗ್ರಿಗೆ ಮೊದಲೇ ಹತ್ತು ನಿಮಿಷ ಕಾಯಿಸಿಡಿ. ಮೈಕ್ರೋವೇವ್ ಆದರೆ ಕನ್ವೆಕ್ಷನ್‌ನಲ್ಲಿ ಮಾಡಿ. ಬರೀ ಮೈಕ್ರೋ ಮೋಡ್‌ನಲ್ಲಿ ಕೇಕು ಬೇಗ ಆಗುತ್ತದೆ ನಿಜ, ಕಂದು ಬಣ್ಣ ಬರುವುದಿಲ್ಲ, ಆರಿದ ಮೇಲೆ ಒಣಗುತ್ತದೆ. ಓವನ್ ಇಲ್ಲದವರಿಗೆ ಕುಕ್ಕರ್ ವಿದ್ಯೆ ಗೊತ್ತೇ ಇದೆ: ಗ್ಯಾಸ್ಕೆಟ್ ತೆಗೆದು, ವೆಯ್ಟ್ ತೆಗೆದು, ತಳಕ್ಕೆ ಒಂದು ಪದರ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸುವುದು. ಆದರೆ ನೀರಿಲ್ಲದೆ ಕುಕ್ಕರ್ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ. ದಿನಾ ಬೇಳೆ ಬೇಯಿಸುವ ಕುಕ್ಕರನ್ನು ಇದಕ್ಕೆ ಬಲಿ ಕೊಡಬೇಡಿ. ಅಗಲವಾದ, ದಪ್ಪ ತಳದ ಹಳೆಯ ಪಾತ್ರೆ, ಬಿಗಿಯಾದ ಮುಚ್ಚಳ ಇದ್ದರೆ ಸಾಕು. ನಾನ್‌ಸ್ಟಿಕ್ ಮಾತ್ರ ಬೇಡ. ಮೂವತ್ತೈದರಿಂದ ನಲವತ್ತೈದು ನಿಮಿಷ ಹಿಡಿಯಬಹುದು. ಅರ್ಧ ಗಂಟೆ ಆಗುವವರೆಗೆ ಮುಚ್ಚಳ ತೆಗೆದು ಇಣುಕಬೇಡಿ. ಕಡ್ಡಿ ಚುಚ್ಚಿ ನೋಡಿದಾಗ ಹಸಿ ಹಿಟ್ಟು ಅಂಟದಿದ್ದರೆ ಆಯಿತು.

ಇದೇ ಹಿಟ್ಟಿನಿಂದ ಕಪ್‌ಕೇಕ್ ಮಾಡಿದರೆ ಮಕ್ಕಳಿಗೆ ಹಂಚುವುದು ಸುಲಭ. ಪೇಪರ್ ಕಪ್ಪುಗಳನ್ನು ಹಾಗೇ ಇಟ್ಟರೆ ಹಿಟ್ಟಿನ ಭಾರಕ್ಕೆ ಬಾಯಿ ಬಿಡುತ್ತವೆ, ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ಕೂರಿಸಿ. ಮೂರರಲ್ಲಿ ಎರಡು ಪಾಲು ತುಂಬಿ. ಓವನ್‌ನಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು, ದೊಡ್ಡ ಕೇಕಿನ ಲೆಕ್ಕದಲ್ಲಿ ಬಿಟ್ಟರೆ ರಸ್ಕ್ ಆಗುತ್ತದೆ.

ಇಷ್ಟೆಲ್ಲ ಹೇಳಿದೆ, ಆದರೆ ಒಂದೇ ಒಂದು ಉಪಾಯ ನೆನಪಿಟ್ಟುಕೊಳ್ಳಿ ಎಂದರೆ ನಾನು ಹೇಳುವುದು ಪಾಕವನ್ನು. ಬೇಕರಿಯವರ ಗುಟ್ಟೇ ಅದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಹನಿ ಕೇಕ್ ನೆನಪಿಸಿಕೊಳ್ಳಿ. ಅದರಲ್ಲಿ ಏನಿದೆ? ಸಾದಾ ಸ್ಪಂಜು, ಅದು ಕುಡಿದ ಜೇನಿನ ಪಾಕ, ಮೇಲೆ ಜಾಮ್, ಅದರ ಮೇಲೆ ಕೊಬ್ಬರಿ ಪುಡಿ. ನಿಮ್ಮ ವೆನಿಲಾ ಮಿಕ್ಸ್‌ಗೂ ಅದೇ ಮಾಡಿ. ಕಾಲು ಕಪ್ ಸಕ್ಕರೆ, ಅರ್ಧ ಕಪ್ ನೀರು ಒಂದು ಕುದಿ ಬರಿಸಿ. ಎಳೆ ಪಾಕ ಬರುವವರೆಗೆ ಕಾಯುವುದು ಬೇಡ, ಸಕ್ಕರೆ ಕರಗಿದರೆ ಸಾಕು. ಬೆಚ್ಚಗಾದ ಮೇಲೆ ಎರಡು ದೊಡ್ಡ ಚಮಚ ಜೇನು ಬೆರೆಸಿ. ಕೇಕಿಗೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಚಮಚ ಚಮಚವಾಗಿ ಹಾಕುತ್ತಾ ಬನ್ನಿ. ಒಂದೇ ಸಲ ಸುರಿದರೆ ತಳ ಮುದ್ದೆ. ಮೂರು ಚಮಚ ಮಿಕ್ಸೆಡ್ ಫ್ರೂಟ್ ಜಾಮನ್ನು ಒಂದು ಚಮಚ ನೀರಿನಲ್ಲಿ ಬಿಸಿ ಮಾಡಿ ಮೇಲೆ ಹರಡಿ, ಕೊಬ್ಬರಿ ಪುಡಿ ಉದುರಿಸಿ. ತಿಂದವರು ಯಾವ ಪ್ಯಾಕೆಟ್ ಎಂದು ಕೇಳುವುದಿಲ್ಲ, ಯಾವ ಬೇಕರಿ ಎಂದು ಕೇಳುತ್ತಾರೆ! ವರ್ಷ ತುಂಬದ ಕೂಸು ಮನೆಯಲ್ಲಿದ್ದರೆ ಮಾತ್ರ ಅದರ ಬಾಯಿಗೆ ಜೇನು ಬೀಳದ ಹಾಗೆ ನೋಡಿಕೊಳ್ಳಿ.

ಚಾಕೊಲೇಟ್ ಕೇಕಿಗೆ ಮೇಲ್ಹೊದಿಕೆ ಬೇಕೆಂದರೆ ಅಂಗಡಿಯ ಪೊಟ್ಟಣದ ಕ್ರೀಮನ್ನು ಗಂಟೆಗಟ್ಟಲೆ ಕಡೆದು ಕೈ ನೋಯಿಸಿಕೊಳ್ಳಬೇಡಿ. 25 ಪರ್ಸೆಂಟ್ ಕೊಬ್ಬಿನ ಕ್ರೀಮ್ ಎಷ್ಟು ಕಡೆದರೂ ನಿಲ್ಲುವುದಿಲ್ಲ. ಅದನ್ನೇ ಬಿಸಿ ಮಾಡಿ, ಕುದಿಯುವ ಮುನ್ನ ಇಳಿಸಿ, ಎರಡರಷ್ಟು ತೂಕದ ಚಾಕೊಲೇಟ್ ಚೂರು ಹಾಕಿ ಐದು ನಿಮಿಷ ಬಿಟ್ಟು ಕಲೆಸಿ. ಹೊಳೆಯುವ ಗಟ್ಟಿ ಸಾಸ್ ಸಿದ್ಧ. ಕೇಕು ಪೂರ್ತಿ ಆರಿದ ಮೇಲೆ ಸುರಿಯಿರಿ, ಬಿಸಿ ಕೇಕಿನ ಮೇಲೆ ಅದು ನಿಲ್ಲದೆ ಹರಿದುಹೋಗುತ್ತದೆ.

ಸಾಧ್ಯವಾದರೆ ಕೇಕನ್ನು ಹಿಂದಿನ ರಾತ್ರಿಯೇ ಮಾಡಿಡಿ. ಪಾಕ ಕುಡಿದ ಕೇಕು ಮರುದಿನ ಇನ್ನೂ ರುಚಿ, ಹಬ್ಬದ ದಿನ ನಿಮಗೂ ಒಂದು ಒಳ್ಳೆ ಸೀರೆ ಉಡುವಷ್ಟು ಪುರುಸೊತ್ತು ಸಿಗುತ್ತದೆ. ಮತ್ತೆ ಆ ಪ್ಯಾಕೆಟ್ ಇದೆಯಲ್ಲ, ಅದರ ಒಂದು ಬದಿ ಕತ್ತರಿಸಿ, ಈ ಸಲ ಎಷ್ಟು ಮೊಸರು ಹಾಕಿದಿರಿ, ಎಷ್ಟು ನಿಮಿಷ ಬೆಂದಿತು, ಪಾಕ ಹೆಚ್ಚಾಯಿತೋ ಕಡಿಮೆಯೋ ಎಂದು ಬರೆದು ನಿಮ್ಮ ಅಡುಗೆ ನೋಟ್‌ಬುಕ್‌ಗೆ ಅಂಟಿಸಿಡಿ. ಮುಂದಿನ ಸಲ ಅದೇ ಮಿಕ್ಸ್ ಸಿಗದಿದ್ದರೂ ಹಾಲು ಮೊಸರಿನ ಅಂದಾಜು ಸಿಗುತ್ತದೆ. ಪಕ್ಕದ ಮನೆಯವರು ರೆಸಿಪಿ ಕೇಳಿಕೊಂಡು ಬಂದರೆ ಅದನ್ನೇ ಕೊಟ್ಟು ಬರೆದುಕೊಳ್ಳಲು ಹೇಳಿ.