ದಸರೆ ರಜೆಲಿ ಮಕ್ಕಳ ಓದು

ದಸರೆ ರಜೆ ಸುರುವಾದ ಕೂಡ್ಲೆ ಹತ್ತನೇ ಕ್ಲಾಸಿನ ಮಕ್ಕೊ ಇಪ್ಪ ಮನೆಲಿ ಗೋಡೆಗೊಂದು ಟೈಂಟೇಬಲ್ ಅಂಟುತ್ತು. ಉದಿಯಪ್ಪಗ ಐದಕ್ಕೆ ಏಳೆಕ್ಕು, ಇರುಳು ಹತ್ತರ ವರೆಗೆ ಓದೆಕ್ಕು. ಮೂರು ದಿನ ನೆಡೆತ್ತು. ನಾಲ್ಕನೇ ದಿನ ಅಜ್ಜನಮನೆಂದ ಫೋನು ಬತ್ತು, ಆಯುಧಪೂಜೆಗೆ ಬೈಕು ತೊಳವಲೆ ಇರ್ತು, ಟೈಂಟೇಬಲ್ ಅಲ್ಲಿಗೇ ಮುಗುತ್ತು.

ಎನಗೆ ಕಾಂಬದು, ರಜೆಲಿ ಉದಿಯಪ್ಪಗ ಆರೂವರೆಂದ ಒಂಬತ್ತೂವರೆ ವರೆಗೆ ಮೂರು ಗಂಟೆ ಧಾರಾಳ ಸಾಕು. ಆದರೆ ಆ ಮೂರು ಗಂಟೆ ಆರೂ ದೆನಿಗೇಳ್ಲಾಗ. ಸುಳ್ಯಂದ, ಕಡಬಂದ ಪುತ್ತೂರಿಂಗೆ ರಜೆಲಿಯೂ ಟ್ಯೂಷನಿಂಗೆ ಕಳ್ಸುತ್ತವು. ಒಂದು ಗಂಟೆ ಬಸ್ಸಿಲಿ ಹೋಪದು, ಒಂದು ಗಂಟೆ ಬಪ್ಪದು. ಬಚ್ಚಿ ಬಂದ ಮಕ್ಕೊ ಮತ್ತೆಂತರ ಓದುದು?

ಸುರುವಿಂಗೆ ಯೇವ ಪಾಠ? ಜುಲೈಲಿ ಡಿಸಿ ಮಳೆಗೆ ರಜೆ ಕೊಟ್ಟವಲ್ಲದೋ, ಆ ಪಾಠಂಗಳ ಮತ್ತೆ ಶಾಲೆಲಿ ಓಡ್ಸಿ ಮುಗುಶುತ್ತವು. ಮಕ್ಕೊ ಹಿಂದೆ ಬೀಳುದು ಹೆಚ್ಚಾಗಿ ಅಲ್ಲಿಯೇ. ನೋಟ್ಸಿಲಿ ಆ ಹೊತ್ತಿನ ಪುಟಂಗಳ ಹುಡುಕ್ಕಿರೆ ಗೊಂತಾವ್ತು.

ಮತ್ತೆ, ಬರೇ ಓದಿರೆ ಆಗ. ಪುಸ್ತಕ ಮುಚ್ಚಿ ಬರೆಯೆಕ್ಕು. ಬೇಸಗೆಲಿ ಮಾಣಿಯಂಗೊ ವಸಂತ ವೇದಪಾಠಕ್ಕೆ ಹೋವ್ತವು. ಅಲ್ಲಿ ನಿನ್ನೆ ಹೇಳಿಕೊಟ್ಟದರ ಇಂದು ಪುಸ್ತಕ ನೋಡದ್ದೆ ಹೇಳ್ಸುತ್ತವು. ತಪ್ಪಿದಲ್ಲಿಂದ ಪುನಃ. ಮರದಿನ ಪುನಃ. ರುದ್ರ-ಚಮೆ ಬಾಯಿಗೆ ಬಪ್ಪದು ಹಾಂಗೆ. ಜರ್ಮನಿಯ ಎಬ್ಬಿಂಗ್‌ಹೌಸ್ ಹೇಳ್ತವ° ತನ್ನ ಮೇಗೆಯೇ ಪ್ರಯೋಗ ಮಾಡಿ, ಕಲ್ತದರಲ್ಲಿ ಹೆಚ್ಚು ಮರವದು ಸುರುವಾಣ ಒಂದೆರಡು ದಿನಲ್ಲೇ ಹೇಳಿ 1885ರಲ್ಲಿ ಪುಸ್ತಕ ಬರದ°. ನಮ್ಮ ಭಟ್ಟಮಾವಂಗೆ ಅದು ಮದಲೇ ಗೊಂತಿತ್ತು!

ಪರೀಕ್ಷಾ ಮಂಡಳಿಯ ವೆಬ್‌ಸೈಟಿಲಿ ಮಾದರಿ ಪ್ರಶ್ನೆಪತ್ರಿಕೆ ಸಿಕ್ಕುತ್ತು. ದಸರೆಗಪ್ಪಗ ಅರ್ಧ ಪಾಠವೇ ಆಗಿಪ್ಪದು, ಹಾಂಗಾಗಿ ಆದ ಪಾಠದ ಪ್ರಶ್ನೆಗಳ ಮಾತ್ರ ಗುರ್ತ ಮಾಡಿ ಬರೆಶಿ. ಇಡೀ ಪೇಪರಿನ, 80 ಮಾರ್ಕಿನದ್ದರ, ಗಡಿಯಾರ ಮಡುಗಿ 3 ಗಂಟೆ 15 ನಿಮಿಷ ಕೂದು ಬರವದು ಜನವರಿಗೆ.

ಇನ್ನೊಂದು ಹೇಳ್ತೆ, ಅಕ್ಕಂದಿರು ಬೇಜಾರ ಮಾಡೆಡಿ. ಮಾಣಿ ಪುಸ್ತಕ ಹಿಡುದು ಕೂದರೆ "ಅವ° ಓದ್ತಾ ಇದ್ದ°, ದೆನಿಗೇಳೆಡ" ಹೇಳ್ತು. ಕೂಸು ಕೂದರೆ "ಒಂದರಿ ಕಾಯಿ ಕೆರದು ಕೊಡು, ಮತ್ತೆ ಓದು." ಕಾಯಿ ಕೆರದಾತು, ನೆಂಟ್ರು ಬಂದವು, ಕಾಪಿ ಆತು, ಗ್ಲಾಸು ತೊಳದಾತು, ಒಂದೂವರೆ ಗಂಟೆ ಹೋತು. ನವರಾತ್ರಿಲಿ ದಿನಾ ಇದುವೇ. ಆ ಕೂಸು ಬರವದೂ ಅದೇ ಪೇಪರು ಅಲ್ಲದೋ? ಮನೆಕೆಲಸ ಬೇಡ ಹೇಳಿ ಆನು ಹೇಳ್ತಿಲ್ಲೆ. ಒಂಬತ್ತೂವರೆ ಕಳುದ ಮತ್ತೆ ಇಬ್ರಿಂಗೂ ಇರಲಿ. ಕಾಯಿ ಕೆರವಲೆ ಮಾಣಿಗೆ ಎಂತ ಉಪದೇಶ ಆಯೆಕ್ಕೋ!

ಓದಿದ ಮತ್ತೆಯೂ ಕೆಲವು ಮಕ್ಕೊಗೆ ಹೋವ್ತು. 2025ರ ಎಸ್ಸೆಸ್ಸೆಲ್ಸಿಲಿ ನಮ್ಮ ದಕ್ಷಿಣ ಕನ್ನಡ ಶೇ. 91.12 ತೆಗದು ರಾಜ್ಯಕ್ಕೇ ಫಸ್ಟು. ಕೊಶಿಯೇ. ಆದರೆ ನೂರರಲ್ಲಿ 91 ಜೆನ ಪಾಸಪ್ಪ ಊರಿಲಿ ಉಳುದ ಒಂಬತ್ತು ಮಕ್ಕೊ ಮೋರೆ ಎಲ್ಲಿ ಹುಗ್ಗುಸುದು? 2024ರಲ್ಲಿಯೂ 2025ರಲ್ಲಿಯೂ ವರ್ಷಕ್ಕೆ ಮೂರು ಪರೀಕ್ಷೆ ಇತ್ತು, ವರ್ಷ ಹಾಳಾಯೆಕ್ಕು ಹೇಳಿ ಇಲ್ಲೆ. 2025ರಲ್ಲಿ ಫಲಿತಾಂಶ ಬಂದದು ಮೇ 2ಕ್ಕೆ, ಎರಡನೇ ಪರೀಕ್ಷೆ ಸುರುವಾದ್ದು ಮೇ 26ಕ್ಕೆ. ಎಡಕ್ಕಿಲಿ ಇದ್ದದು ಮೂರು ವಾರ, ಅದೂ ಮದುವೆ-ಉಪನಯನದ ಸಮಯ. ಹಂತಿಲಿ ಕೂದಲ್ಲಿಗೆ ಪಾಯಸ ಎತ್ತುವ ಮದಲೇ "ಎಷ್ಟು ಬಂತು?" ಹೇಳಿ ಹತ್ತು ಜೆನ ಕೇಳಿರೆ, ಆ ಮಕ್ಕೊ ಮನಗೆ ಬಂದು ಗಣಿತ ಮಾಡ್ತವೋ? ಕೇಳುದು ಹೆಚ್ಚಾಗಿ ನಾವೇ, ಹೆಮ್ಮಕ್ಕೊ.

ಎರಡನೇ ಪರೀಕ್ಷೆಗೆ ಓದುವ ಮಕ್ಕಳ ಜೆಂಬರಕ್ಕೆ ಎಳಕ್ಕೊಂಡು ಹೋಪದು ಬೇಡ. ಒಬ್ಬನೇ ಬಿಟ್ಟಿಕ್ಕಿಯೂ ಹೋಪದು ಬೇಡ. ಅಜ್ಜಿಯೋ ಚಿಕ್ಕಮ್ಮನೋ ಆರಾರು ಮನೆಲಿ ನಿಲ್ಲಲಿ. ಅಶನ, ಸಾರು ಮಾಡಿ ಮಡುಗಿರೆ ಸಾಕು, ಹೋಳಿಗೆ ಕಟ್ಟಿಸಿ ತಂದರೆ ಆತು.