ಪಾಪ, ಸರ್ವರ್ ಏನು ಮಾಡಿತ್ತು?

ನಮ್ಮ ಹಳ್ಳಿಗಳಲ್ಲಿ ದಿನಾ ಅತಿ ಹೆಚ್ಚು ಬೈಗುಳ ತಿನ್ನುವುದು ಯಾರು? ಸರ್ವರ್! ರೇಷನ್ ಅಂಗಡಿಯಲ್ಲಿ ಅಜ್ಜಿಯ ಸವೆದ ಹೆಬ್ಬೆಟ್ಟನ್ನು ಮೆಷಿನ್ ಹಿಡಿಯದಿದ್ದರೆ 'ಸರ್ವರ್ ಇಲ್ಲ'. ಕರೆಂಟ್ ಹೋದರೂ 'ಸರ್ವರ್ ಇಲ್ಲ'. ನೆಟ್‌ವರ್ಕ್ ಸಿಗದಿದ್ದರೂ ಅದೇ ಮಾತು. ಕಂಪ್ಯೂಟರ್ ಮುಂದೆ ಕೂರಬೇಕಾದವರು ಟೀ ಕುಡಿಯಲು ಹೋದರೂ ಇಲ್ಲದಿರುವುದು ಸರ್ವರೇ!

ಸರ್ವರ್ ಅಂದರೆ ಎಲ್ಲೋ ದೂರದಲ್ಲಿ ಮಾಹಿತಿ ಇಟ್ಟುಕೊಂಡು, ಕೇಳಿದಾಗ ಕೊಡುವ ಕಂಪ್ಯೂಟರ್. ಅದೂ ಕೆಡುತ್ತದೆ, ನಿಜ. ಆದರೆ ಎಲ್ಲಕ್ಕೂ ಅದರ ಹೆಸರೇ ಹೇಳಿದರೆ ತಪ್ಪು ಯಾರ ತಲೆಗೂ ಬರುವುದಿಲ್ಲ. ಒಂದು ದಿನದ ಕೂಲಿ ಕಳೆದುಕೊಂಡು ಬಂದವರು ಮಾತ್ರ ಬರಿಗೈಲಿ ಮನೆಗೆ ಹೋಗುತ್ತಾರೆ.

ಹಾಗಾಗಿ ಇನ್ನು ಮುಂದೆ ಕೇಳೋಣ: 'ಸ್ವಾಮಿ, ನಿಜವಾಗಿ ಕೆಟ್ಟಿರುವುದು ಏನು?' ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಸಕಾಲದ ಸ್ವೀಕೃತಿ ಚೀಟಿ ಇಸಿದುಕೊಳ್ಳೋಣ. 2011ರ ಸಕಾಲ ಕಾಯ್ದೆಯಂತೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಮಗಿದೆ. ಆ ದುಡ್ಡು ಕಡಿತವಾಗುವುದು ತಡಮಾಡಿದವರ ಸಂಬಳದಲ್ಲಿ.

ಸರ್ವರ್‌ಗೆ ಸಂಬಳವೇ ಇಲ್ಲವಲ್ಲ!